ಪದುಮಳ ಪಾಲಿನ ಕೇಕು

ನನ್ನ ಹೆಸರು ಪದ್ಮ ಅಂತ ಗೊತ್ತಾದ ತಕ್ಷಣ ಹಾಡಲು ಶುರುಮಾಡುವ ಗಂಡಸರಿಗೆ ಒಂದು ತೆರಿಗೆ ಹಾಕಬೇಕು. ಜಾಸ್ತಿ ಬೇಡ, ತಲೆಗೆ ಹತ್ತು ರೂಪಾಯಿ. ಇಷ್ಟು ಹೊತ್ತಿಗೆ ಕುವೆಂಪುನಗರದಲ್ಲಿ ಒಂದು ಸೈಟು ತಗೊಂಡಿರುತ್ತಿದ್ದೆ.

ಭಾನುವಾರ ಆಫೀಸಿನವರೊಬ್ಬರ ಮಗಳ ರಿಸೆಪ್ಷನ್. ಊಟ ಮುಗಿಸಿ, ಬೀಡಾ ಬಾಯಿಗೆ ಹಾಕಿಕೊಂಡು ಹೊರಡುವವಳಿದ್ದೆ. ಆರ್ಕೆಸ್ಟ್ರಾದ ನಿರೂಪಕ ಮೈಕ್ ಹಿಡಿದು ನಮ್ಮ ಸಾಲಿಗೇ ಬಂದ. "ಮೇಡಂ, ತಮ್ಮ ಹೆಸರು?" ನನಗೆ ಬಾಯಿ ತುಂಬ ಎಲೆ. ಪಕ್ಕದಲ್ಲಿದ್ದ ಪುಣ್ಯಾತ್ಗಿತ್ತಿ ನನ್ನ ಪರವಾಗಿ ಹೇಳಿಬಿಟ್ಟಳು. ಮುಗೀತು. ಕೀಬೋರ್ಡಿನವನು ರಾಗ ಹಿಡಿದ, ಇವನು "ರಾಯರು ಬಂದರು" ಅಂತ ಎತ್ತಿಕೊಂಡ. ಎರಡು ಸಾಲು ಹಾಡಿ, ಮೂರನೆಯದು ಮರೆತು, ಲಲಲ ಅಂತ ತುಂಬಿಸಿ, ಕೊನೆಗೆ ಮೈಕನ್ನು ನನ್ನ ಮೂಗಿನ ಹತ್ತಿರ ತಂದು "ಪದುಮಳು ಒಳಗಿಲ್ಲ, ಯಾಕೆ ಮೇಡಂ?" ಅಂದ. ಇಡೀ ಛತ್ರ ನಕ್ಕಿತು. ನಾನೂ ನಕ್ಕೆ. ಬೀಡಾ ಹಾಗೇ ನುಂಗಿದೆ.

ಯಾಕೆ ಅಂತ ನಿಜವಾಗಲೂ ಗೊತ್ತಿಲ್ವಾ ತಮ್ಮಾ?

ನನ್ನನ್ನು ಬಲ್ಲವರಿಗೆ ಗೊತ್ತು, ನನ್ನ ಹೆಸರಿಗೂ ಹಾಡಿಗೂ ಸಂಬಂಧವಿಲ್ಲ. ಅಪ್ಪ ತಮ್ಮ ಅಮ್ಮನ ಹೆಸರಿಟ್ಟರು, ಅಷ್ಟೇ. 1942ರಲ್ಲಿ ಆ ಹಾಡಿರುವ ಕವನ ಸಂಕಲನ 'ಮೈಸೂರು ಮಲ್ಲಿಗೆ' ಅಚ್ಚಾಗುವ ಹೊತ್ತಿಗೆ ನಮ್ಮಜ್ಜಿ ಪದ್ಮಮ್ಮ ಮದುವೆಯಾಗಿ ಒಲೆ ಊದುತ್ತಿದ್ದಳು. ಆದರೆ ನಮ್ಮದು ಕೆ.ಆರ್. ಪೇಟೆ ತಾಲ್ಲೂಕು. ಅದನ್ನು ಬರೆದ ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಕಿಕ್ಕೇರಿ ಅಲ್ಲೇ ಪಕ್ಕ. ಅಂಥ ಕಡೆ ಪದ್ಮ ಅಂತ ಹೆಸರಿಟ್ಟುಕೊಂಡು ಆ ಹಾಡಿನಿಂದ ತಪ್ಪಿಸಿಕೊಳ್ಳುವುದು ಅಂದರೆ, ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ ರಸ್ತೆಯಲ್ಲಿ ಕಬ್ಬಿನ ಗಾಡಿಯಿಂದ ತಪ್ಪಿಸಿಕೊಂಡ ಹಾಗೆ. ಹೈಸ್ಕೂಲ್ ಮೇಷ್ಟ್ರು ಹಾಜರಿ ಕರೆಯುವಾಗ ಹಾಡುತ್ತಿದ್ದರು. ಬಸ್ ಪಾಸ್ ನೋಡಿ ಕಂಡಕ್ಟರ್ ಹಾಡುತ್ತಿದ್ದ. ಹೆಣ್ಣು ನೋಡಲು ಬಂದ ಮೂರು ಕಡೆಯವರಲ್ಲೂ ಯಾರಾದರೊಬ್ಬ ಚಿಕ್ಕಪ್ಪ ಹಾಡೇ ಹಾಡಿದ. ನಾಲ್ಕನೆಯವರು ನಮ್ಮ ಯಜಮಾನರು. ಉಪ್ಪಿಟ್ಟು ತಿಂದು ಸುಮ್ನೆ ಕೂತಿದ್ದರು. ಒಪ್ಪಿಕೊಂಡೆ. (ಸಂಯಮ ಅಂದುಕೊಂಡಿದ್ದೆ. ಶ್ರುತಿಯೇ ಇಲ್ಲ ಅಂತ ಆಮೇಲೆ ಗೊತ್ತಾಯಿತು.)

ಹಾಡಲಿ, ನನಗೇನೂ ಬೇಜಾರಿಲ್ಲ. ಕೊನೆಯವರೆಗೆ ಹಾಡಿ ಅನ್ನುವುದಷ್ಟೇ ನನ್ನ ಜಗಳ.

ಒಂದು ಸಲ ಸರಿಯಾಗಿ ಕೇಳಿಸಿಕೊಳ್ಳಿ. ರಾಯರು ಬಂದರು. ಬಾಗಿಲಲ್ಲೇ ಕಾಲಿಗೆ ಬಿಸಿನೀರು ರೆಡಿ. ಊಟ ರೆಡಿ. ಬೆಳ್ಳಿ ಬಟ್ಟಲಲ್ಲಿ ಗಸಗಸೆ ಪಾಯಸ ರೆಡಿ. ಮಂಚ, ಮೆತ್ತನೆ ಹಾಸಿಗೆ, ರೇಷ್ಮೆ ದಿಂಬು. ಆ ದಿಂಬಿನ ಅಂಚಿಗೆ ಹೂವು ಹಾಕಿದವಳು ಪದುಮ. ಅವಳ ಕೈಕೆಲಸ ಕೋಣೆಯೊಳಗಿದೆ, ಅವಳಿಲ್ಲ. ರಾಯರಿಗೆ ಮುನಿಸು, ನಾದಿನಿಗೆ ನಗು. ಬೆಳಗಾದ ಮೇಲೆ ಒಳಮನೆಯಲ್ಲಿ ನೀರಾಯಿತು ಅನ್ನುವ ಸುದ್ದಿ ಬರುತ್ತದೆ. ಆಮೇಲೆ ಹೂ ಮುಡಿದು ಅವಳು ಬರುತ್ತಾಳೆ. ನಮ್ಮ ಕಡೆ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ದಿನ ಹೊರಗೆ, ನಾಲ್ಕನೇ ದಿನ ತಲೆಗೆ ನೀರು. ಚಿಕ್ಕ ಮಕ್ಕಳು ಕೇಳಿದರೆ ಕಾಗೆ ಮುಟ್ಟಿದೆ ಅನ್ನುತ್ತಿದ್ದರು.

(ಇನ್ನೊಂದು ಮಾತು. ಗಸಗಸೆ ಪಾಯಸ ಕುಡಿದರೆ ಗಡದ್ದು ನಿದ್ದೆ ಅಂತಾರೆ. ರಾಯರಿಗೆ ನಿದ್ದೆ ಬಂದಿದ್ದರೆ ಹಾಡೇ ಇರುತ್ತಿರಲಿಲ್ಲ. ಮಾವನ ಮನೆಯವರು ಗಸಗಸೆ ಕಮ್ಮಿ ಹಾಕಿರಬೇಕು.)

ಅವತ್ತು ಆ ಮನೆಯಲ್ಲಿ ಎಲ್ಲರೂ ಪಾಯಸ ಕುಡಿದರು. ಪದುಮಳಿಗೆ ಯಾರಾದರೂ ಕೊಟ್ಟರಾ? ಎಂಬತ್ತು ವರ್ಷದಿಂದ ಹಾಡುತ್ತಿದ್ದೀರಿ, ಒಬ್ಬರಾದರೂ ಕೇಳಿದ್ದೀರಾ?

ನನಗೆ ಕೊಟ್ಟಿದ್ದರು. ಹದಿನಾಲ್ಕು ವರ್ಷ ಆಗ. ಸೋದರಮಾವನ ಮದುವೆಯ ಬೀಗರೂಟ. ನಾನು ಹಿತ್ತಿಲ ಕಡೆ ಜಗಲಿಯಲ್ಲಿ, ಗೋಣಿತಾಟಿನ ಮೇಲೆ. ಒಳಗೆ ನಗು, ಪಾತ್ರೆ ಸದ್ದು, ಏಲಕ್ಕಿ ವಾಸನೆ. ಎಲ್ಲರದ್ದೂ ಆದ ಮೇಲೆ ದೊಡ್ಡತ್ತೆ ಬಂದರು. ನನ್ನ ತಟ್ಟೆಗೆ ಸೌಟು ತಾಗಬಾರದಲ್ಲ, ಸೊಂಟದೆತ್ತರದಿಂದ ಪಾಯಸ ಸುರಿದರು. ಬಿಸಿ ಪಾಯಸ ತಟ್ಟೆಗೆ ಬಿದ್ದು ಚಿಮ್ಮಿತು. ಮೊಣಕೈಗೆ, ಹೊಸ ಲಂಗಕ್ಕೆ. "ಅಯ್ಯೋ, ಬಟ್ಟೆ ಹಾಳಾಯ್ತಲ್ಲೇ" ಅಂದರು. ಒರೆಸೋಣ ಅಂದರೆ ಅವರು ನನ್ನನ್ನು ಮುಟ್ಟುವ ಹಾಗಿಲ್ಲ. ಅಲ್ಲೇ ನಿಂತು ಎರಡು ಕ್ಷಣ ನೋಡಿ ಒಳಗೆ ಹೋದರು. ದೊಡ್ಡತ್ತೆ ಕೆಟ್ಟವರಲ್ಲ. ನನಗೆ ಜಡೆ ಹಾಕಲು ಕಲಿಸಿದವರೇ ಅವರು. ಆ ಲಂಗದ ಕಲೆ ಮಾತ್ರ ಹೋಗಲೇ ಇಲ್ಲ.

ಇದನ್ನು ಇಲ್ಲಿ ಬರೀಬೇಕು ಅಂತ ಕೂತಿರಲಿಲ್ಲ. ಬಂತು, ಇರಲಿ.

ಈಗ ಒಬ್ಬರು ಬಂದು ಹೇಳುತ್ತಾರೆ: ಎಂಥ ನವಿರಾದ ಪ್ರೇಮಗೀತೆ ಮೇಡಂ, ಅದರಲ್ಲೂ ಮೈಲಿಗೆ ಹುಡುಕುತ್ತೀರಲ್ಲ. ಸ್ವಾಮೀ, ನಾನು ಹುಡುಕಲಿಲ್ಲ. ಕವಿಯೇ ಇಟ್ಟಿದ್ದಾರೆ, ನೀವು ದಾಟಿಕೊಂಡು ಹೋದಿರಿ. ಬಾಯಿಬಿಟ್ಟು ಹೇಳಬಾರದ ವಿಷಯವನ್ನು ಆ ಕಾಲದಲ್ಲಿ ಒಬ್ಬ ಗಂಡಸು ಒಂದೂ ಒರಟು ಪದವಿಲ್ಲದೆ ಹಾಡಿನಲ್ಲಿ ತಂದ. ಅದಕ್ಕೇ ನನಗೆ ಅವರ ಮೇಲೆ ಪ್ರೀತಿ. ಮುಂದೆ 1977ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಸಂಕಲನದ ಹೆಸರು 'ತೆರೆದ ಬಾಗಿಲು'. ನೋಡಿ, ಅವರಿಗೆ ಗೊತ್ತಿತ್ತು.

ಸರಿ, ಕೇಕಿಗೆ ಬರೋಣ. ಹಳಬರಿಗೆ ಗೊತ್ತು, ಜನವರಿ 26 ಬಂದರೆ ನಮ್ಮ ಮನೆಯಲ್ಲಿ ಓವನ್ ಬಿಸಿಯಾಗುತ್ತದೆ. ಗಣರಾಜ್ಯೋತ್ಸವಕ್ಕಲ್ಲ. 1915ರಲ್ಲಿ ಕೆ.ಎಸ್.ನ. ಹುಟ್ಟಿದ್ದು ಅವತ್ತು. ಅವತ್ತು ನಾನು ಗಸಗಸೆ ಕೇಕ್ ಮಾಡುತ್ತೇನೆ.

ಮೊದಲ ವರ್ಷ ಗಸಗಸೆಯನ್ನು ಇಡಿಯಾಗಿ ಹಾಕಿದ್ದೆ. ಮರಳು ತಿಂದ ಹಾಗಿತ್ತು. ಒಣಗಿದ್ದನ್ನೇ ಮಿಕ್ಸಿಗೆ ಹಾಕಿದರೂ ಪ್ರಯೋಜನವಿಲ್ಲ, ಕಾಳು ಸಣ್ಣ, ಬ್ಲೇಡಿಗೆ ಸಿಗದೆ ಸುಮ್ನೆ ಸುತ್ತುತ್ತದೆ. ಈಗ ದೇವರಾಜ ಮಾರುಕಟ್ಟೆಯಿಂದ ತಂದು, ಸಣ್ಣ ಉರಿಯಲ್ಲಿ ಘಂ ಅನ್ನುವಷ್ಟೇ ಹುರಿದು (ಒಂದು ನಿಮಿಷ ಹೆಚ್ಚಾದರೆ ಕಹಿ), ಬಿಸಿ ಹಾಲಲ್ಲಿ ಎರಡು ಗಂಟೆ ನೆನೆಸಿ, ಆಮೇಲೆ ರುಬ್ಬುತ್ತೇನೆ. ಜೊತೆಗೆ ಕೊಬ್ಬರಿ, ಏಲಕ್ಕಿ, ಬೆಣ್ಣೆ, ಮೊಸರು, ಸೋಡ. ಸಕ್ಕರೆ ಇಲ್ಲ, ಮಂಡ್ಯದ ಬೆಲ್ಲ. ಕರಗಿಸಿ ಶೋಧಿಸಲೇಬೇಕು, ತಳದಲ್ಲಿ ಕಸ ಕೂತಿರುತ್ತದೆ. ಬೆಲ್ಲದ ಕೇಕ್ ಬೇಗ ಕೆಂಪಾಗುತ್ತದೆ, ಅದಕ್ಕೆ 160 ಡಿಗ್ರಿ ಮೇಲೆ ಹೋಗಬೇಡಿ. ದುಬಾರಿ ಬಾಬ್ತು, ಒಪ್ಪುತ್ತೇನೆ. ಅಫೀಮಿನ ಗಿಡದ ಬೀಜವಲ್ಲವಾ, ಸರ್ಕಾರದ ಲೈಸೆನ್ಸ್ ಇದ್ದವರು ಮಾತ್ರ ಬೆಳೀಬೇಕು. ದುಬೈಯಲ್ಲಿರುವ ತಂಗಿಮಗ ಕೇಕ್ ಕಳಿಸು ದೊಡ್ಡಮ್ಮಾ ಅಂದ. ಅಲ್ಲಿ ಗಸಗಸೆ ನಿಷೇಧ, ತಗೊಂಡು ಹೋದವರನ್ನು ಹಿಡಿದು ಕೂರಿಸುತ್ತಾರೆ. ಅಲ್ಲೂ ಪದುಮಳು ಒಳಗಿಲ್ಲ.

"ಪಾಯಸದ ಹಾಡಿಗೆ ಪಾಯಸ ಮಾಡೋದು ಬಿಟ್ಟು ಕೇಕ್ ಯಾಕೆ? ನಮ್ಮ ಸಂಸ್ಕೃತಿ ಅಲ್ಲ" ಅಂತ ಹೋದ ವರ್ಷ ಒಬ್ಬರು ಪಾಠ ಮಾಡಿದ್ದರು. ಪಾಪ, ತಮ್ಮ ಮೊಮ್ಮಗನ ಹುಟ್ಟುಹಬ್ಬದಲ್ಲಿ ಮೂಗಿಗೆಲ್ಲ ಕ್ರೀಮ್ ಬಳಿಸಿಕೊಂಡ ಫೋಟೋ ಅವರೇ ಹಾಕಿದ್ದರು. ಇರಲಿ, ಕಾರಣ ಹೇಳುತ್ತೇನೆ. ಪಾಯಸ ರಾಯರದ್ದು. ಅವತ್ತೇ ಕುಡಿಯಬೇಕು, ಬೆಳಗಾಗುವಷ್ಟರಲ್ಲಿ ಕಾಯಿಹಾಲು ಹುಳಿ ಬರುತ್ತದೆ. ನೀರು ಹಾಕಿಕೊಂಡು ನಾಲ್ಕನೇ ದಿನ ಒಳಗೆ ಬರುವವಳಿಗೆ ಅದರಲ್ಲಿ ಏನು ಉಳಿಯುತ್ತದೆ? ಕೇಕ್ ಕಾಯುತ್ತದೆ. ಈ ಚಳಿಯಲ್ಲಿ ಡಬ್ಬಿಯಲ್ಲಿಟ್ಟರೆ ಮೂರು ದಿನ ಕೆಡುವುದಿಲ್ಲ. ಗಸಗಸೆ ಎಣ್ಣೆ ಬಿಟ್ಟುಕೊಂಡು ಇನ್ನೂ ಮೆತ್ತಗಾಗುತ್ತದೆ.

ಹಾಗಾಗಿ ಸೋಮವಾರ ಮಾಡಿದ ಕೇಕನ್ನು ಡಬ್ಬಿಗೆ ಹಾಕಿ ಹಿತ್ತಿಲ ಬಾಗಿಲ ಪಕ್ಕದ ಕಟ್ಟೆ ಮೇಲಿಟ್ಟೆ. ಯಜಮಾನರು ಸಂಜೆ ಚಾಕು ಹಿಡಿದು ಬಂದರು. ಮುಟ್ಟಬೇಡಿ ಅಂದೆ. "ಎಷ್ಟು ದಿನ?" ಮೂರು ದಿನ. ಮಂಗಳವಾರ ಒಮ್ಮೆ ಡಬ್ಬಿ ಅಲ್ಲಾಡಿಸಿ ನೋಡಿದರು. ನಿನ್ನೆ ರಾತ್ರಿ ಮುನಿಸಿಕೊಂಡು ಬೇಗ ಮಲಗಿದರು.

ಇವತ್ತು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು ಡಬ್ಬಿ ತೆಗೆದೆ. ಮೊದಲ ತುಂಡು ನಾನೇ ತಿಂದೆ, ಕೂದಲಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ, ನಿಂತುಕೊಂಡು. ಯಜಮಾನರು ಅಡುಗೆಮನೆ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದರು. ಹಾಡಲಿಲ್ಲ. ಹೇಗಿದೆ ಅಂದರು.

ತಳ ಸ್ವಲ್ಪ ಸೀದಿದೆ ಅಂದೆ. ಇನ್ನೊಂದು ತುಂಡು ಕುಯ್ದುಕೊಂಡೆ.