ಟೇಪ್ ಇಳಿಸದೆ ಸಹಿ ಹಾಕುದಿಲ್ಲ

ದಸರಾ ಟೈಮಲ್ಲಿ ಕುದ್ರೋಳಿ ಮೆರವಣಿಗೆ ನೋಡ್ಲಿಕ್ಕೆ ಅಂತ ಅಕ್ಕನ ಮನೆಯವರೆಲ್ಲ ನಮ್ಮಲ್ಲಿಗೆ ಬಂದಿದ್ರು. ಊಟ ಆಗಿ ಎಲೆ ಅಡಿಕೆ ತಟ್ಟೆ ಮುಂದೆ ಬರುವಷ್ಟರಲ್ಲಿ ಟಿವಿಯಲ್ಲಿ ಇರಾನ್ ಸುದ್ದಿ, 2025ರ ಸೆಪ್ಟೆಂಬರ್ 28ಕ್ಕೆ ಅಣು ವಿಷಯದಲ್ಲಿ ಅವ್ರ ಮೇಲೆ ವಿಶ್ವಸಂಸ್ಥೆಯ ನಿರ್ಬಂಧಗಳು ಪುನಃ ಬಂದವಲ್ಲ ಅದು, ಭಾವ ಒಂದೇ ಮಾತಲ್ಲಿ ಮುಗಿಸಿದ್ರು, "ವೈರಿ ಜೊತೆ ಅಣು ಒಪ್ಪಂದ ಅಂದ್ರೆ ಹಾವಿಗೆ ಹಾಲೆರೆದ ಹಾಗೆ ಮಾರಾಯ, ಅವ್ರು ಸಹಿ ಹಾಕುದೇ ಮುರಿಲಿಕ್ಕೆ." ಅಲ್ಲಿಂದ ಶುರುವಾದ ಚರ್ಚೆ ರಾತ್ರಿ ಒಂದು ಗಂಟೆ ದಾಟಿದ್ರೂ ಮುಗಿಲಿಲ್ಲ. ಆವತ್ತು ನಂಗೆ ಸರಿಯಾಗಿ ಹೇಳ್ಲಿಕ್ಕೆ ಆಗದ್ದನ್ನು ಈಗ ಕೂತು ಬರಿತಾ ಇದ್ದೇನೆ, ಉದ್ದ ಆಗ್ತದೆ, ಓದಿ.

ಭಾವನ ಸಿಟ್ಟಿಗೆ ಕಾರಣ ಉಂಟು. ಅವ್ರ ಮಗ ದೋಹಾದಲ್ಲಿ. 2025ರ ಜೂನ್ 23ರ ರಾತ್ರಿ ಇರಾನ್ ಅಲ್ಲಿಯ ಅಲ್ ಉದೈದ್ ಅನ್ನುವ ಅಮೆರಿಕದ ಸೇನಾ ಬೇಸ್ ಮೇಲೆ ಮಿಸೈಲ್ ಬಿಟ್ಟಾಗ ಹುಡುಗ ಬಾಲ್ಕನಿಯಿಂದ ತೆಗೆದ ಹದಿನೈದು ಸೆಕೆಂಡಿನ ವಿಡಿಯೋ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂತು, ಕಪ್ಪು ಆಕಾಶದಲ್ಲಿ ಕೆಂಪು ಚುಕ್ಕೆಗಳು ಮೇಲೆ ಹೋಗುದು, ಆಮೇಲೆ ದಡ್ ಅಂತ ಶಬ್ದ, ಹಿಂದೆ ಯಾರೋ ಮಲಯಾಳದಲ್ಲಿ ಕೂಗುದು. ಕಡೆಗೆ ಫೋನ್ ಇಲ್ಲ, ಮೆಸೇಜ್ ಇಲ್ಲ. ಅಲ್ಲಿ ಆಕಾಶವೇ ಬಂದ್, ಫ್ಲೈಟ್ ಒಂದೂ ಇಲ್ಲ. ಅಕ್ಕ ಬೆಳಗಿನವರೆಗೆ ದೇವರ ಕೋಣೆ ಬಾಗಿಲಲ್ಲೇ ಮೊಬೈಲ್ ಹಿಡ್ಕೊಂಡು ಕೂತಿದ್ರು. ಕರಾವಳಿಯಲ್ಲಿ ಯಾವ ಮನೆಯಲ್ಲಿ ಗಲ್ಫಲ್ಲಿ ಇರುವವರು ಇಲ್ಲ ಹೇಳಿ, ಹಾಗಾಗಿ ಇದು ನಮಗೆ ದೂರದ ದೇಶದ ರಾಜಕೀಯ ಅಲ್ವೇ ಅಲ್ಲ. ಭಾವ "ನಂಬ್ಬಾರ್ದು" ಅಂದ್ರೆ ಆ ರಾತ್ರಿಯನ್ನು ಕಂಡು ಹೇಳುವ ಮಾತು, ಅದಕ್ಕೆ ನಾನು ಗೌರವ ಕೊಡ್ತೇನೆ.

ನಂಬ್ಬಾರ್ದು ಅನ್ನುದನ್ನು ನಾನೂ ಒಪ್ತೇನೆ. ಆದ್ರೆ ನಂಬಿಕೆ ಇಲ್ಲ, ಹಾಗಾಗಿ ಒಪ್ಪಂದ ಬೇಡ ಅಂತ ಭಾವ ಹೇಳುದು ನಂಗೆ ತಲೆಗೆ ಹೋಗುದಿಲ್ಲ, ಯಾಕಂದ್ರೆ ಒಬ್ಬರನ್ನೊಬ್ಬರು ನಂಬದವರ ಮಧ್ಯೆ ನಿಂತು ಅಳೆಯುದೇ ನನ್ನ ಹೊಟ್ಟೆಪಾಡು.

ಇಪ್ಪತ್ತಾರು ವರ್ಷ ಆಯ್ತು ಪಣಂಬೂರಲ್ಲಿ ಕಾರ್ಗೋ ಸರ್ವೇಯರ್ ಕೆಲಸ. ಕ್ರೂಡ್ ಹಡಗು ಬಂದು ಕಟ್ಟಿದ ಮೇಲೆ ನಾವು ಹತ್ತುದು. ಟ್ಯಾಂಕ್ ಟ್ಯಾಂಕಿಗೂ ಟೇಪ್ ಇಳಿಸ್ಬೇಕು. ಮೊದ್ಲೆಲ್ಲ ತುದಿಗೆ ಹಿತ್ತಾಳೆ ಗುಂಡು ಇರುವ ಟೇಪ್, ಗುಂಡಿಗೆ ಪೇಸ್ಟ್ ಹಚ್ಚಿ ಇಳಿಸಿದ್ರೆ ಅಡಿಯಲ್ಲಿ ನೀರು ಎಷ್ಟು ಎತ್ತರಕ್ಕೆ ಉಂಟೋ ಅಷ್ಟಕ್ಕೆ ಬಣ್ಣ ತಿರುಗ್ತಿತ್ತು, ಈಗ ಎಲೆಕ್ಟ್ರಾನಿಕ್ ಟೇಪ್, ಎಣ್ಣೆ ಮುಟ್ಟಿದ್ರೆ ಒಂದು ಶಬ್ದ ನೀರು ಮುಟ್ಟಿದ್ರೆ ಇನ್ನೊಂದು ಶಬ್ದ. ಆಮೇಲೆ ಉಷ್ಣಾಂಶ, ಬಿಸಿಲಿಗೆ ಎಣ್ಣೆ ಉಬ್ಬುತದಲ್ಲ, ಎಲ್ಲವನ್ನೂ 15 ಡಿಗ್ರಿಗೆ ಇಳಿಸಿ ಲೆಕ್ಕ ಹಾಕ್ಬೇಕು. ಸ್ಯಾಂಪಲ್ ಬಾಟಲಿಗೆ ನಂಬರ್ ಇರುವ ಸೀಲ್, ಒಂದು ಕ್ಯಾಪ್ಟನ್ ಹತ್ರ, ಒಂದು ಮಾಲು ತಗೊಂಡವರ ಹತ್ರ, ಒಂದು ನಮ್ಮ ಕಪಾಟಲ್ಲಿ. ಮಾರುವವನಿಗೆ ಕೊಳ್ಳುವವನ ಮೇಲೆ ನಂಬಿಕೆ ಇಲ್ಲ, ಕೊಳ್ಳುವವನಿಗೆ ಹಡಗಿನವನ ಮೇಲೆ ಇಲ್ಲ, ಆದ್ರೂ ಕೋಟಿ ಕೋಟಿ ರುಪಾಯಿ ಮಾಲು ದಿನಾ ಇಳಿತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತಪ್ಪು ಮಾಡಿದ್ದೆ. ಒಬ್ಬ ಕ್ಯಾಪ್ಟನ್, ಬಹಳ ಒಳ್ಳೆ ಜನ, ಕೂರಿಸಿ ಕಾಫಿ ಕೊಟ್ಟು ಮಕ್ಕಳ ಫೋಟೋ ಎಲ್ಲ ತೋರಿಸಿದ, ಹೊರಗೆ ಮಳೆ ಜೋರು, ಕೊನೆಯ ಎರಡು ಟ್ಯಾಂಕಿನ ಅಂಕೆ ಹಡಗಿನವರು ಬರ್ಕೊಂಡದ್ದನ್ನೇ ನಾನೂ ಬರ್ಕೊಂಡೆ. ಮರುದಿನ ದಡದ ಟ್ಯಾಂಕಲ್ಲಿ ಮಾಲು ಕಮ್ಮಿ ಬಂತು. ಕ್ಯಾಪ್ಟನ್ ಮೋಸ ಮಾಡಿದ್ನೋ, ಪೈಪಲ್ಲಿ ಉಳ್ದದ್ದೋ, ಲೆಕ್ಕ ತಪ್ಪಿದ್ದೋ ಇವತ್ತಿಗೂ ಗೊತ್ತಿಲ್ಲ, ಗೊತ್ತು ಮಾಡ್ಲಿಕ್ಕೆ ಇದ್ದ ದಾರಿಯನ್ನು ನಾನೇ ಮುಚ್ಚಿದ್ದೆ. ಸೀನಿಯರ್ ಬೈಲಿಲ್ಲ, ಟೇಪನ್ನು ನನ್ನ ಕೈಗೆ ಕೊಟ್ಟು ಸುಮ್ಮನೆ ನೋಡಿದ್ರು. ಆಮೇಲೆ ಟೇಪ್ ಇಳಿಸದೆ ನಾನು ಸಹಿ ಹಾಕಿದ್ದಿಲ್ಲ.

ಈ ಕಣ್ಣಲ್ಲಿ 2015ರ ಜುಲೈ 14ಕ್ಕೆ ಅಮೆರಿಕ ಮತ್ತಿತರ ದೊಡ್ಡ ದೇಶಗಳು ಇರಾನ್ ಜೊತೆ ವಿಯೆನ್ನಾದಲ್ಲಿ ಮಾಡಿಕೊಂಡ ಅಣು ಒಪ್ಪಂದ ನೋಡಿ. ಅದ್ರಲ್ಲಿ ಇರಾನನ್ನು ನಂಬಿ ಅಂತ ಎಲ್ಲೂ ಇಲ್ಲ. ಸೆಂಟ್ರಿಫ್ಯೂಜ್ (ಯುರೇನಿಯಂ ಸಮೃದ್ಧ ಮಾಡುವ, ಅಂದ್ರೆ ಅದ್ರಲ್ಲಿ ಬೇಕಾದ ಅಂಶ ಹೆಚ್ಚು ಮಾಡುವ, ತಿರುಗುವ ಮೆಷಿನ್) 19 ಸಾವಿರದಷ್ಟು ಇದ್ದದ್ದು 6,104ಕ್ಕೆ ಇಳಿಬೇಕು. ಯುರೇನಿಯಂ 3.67 ಶೇಕಡಾಕ್ಕಿಂತ ಮೇಲೆ ಸಮೃದ್ಧ ಮಾಡ್ಬಾರ್ದು (ಬಾಂಬಿಗೆ 90ರ ಹತ್ರ ಬೇಕು), ದಾಸ್ತಾನು 300 ಕೆಜಿ ಮೀರ್ಬಾರ್ದು. ಅರಾಕ್ ರಿಯಾಕ್ಟರಿನ ಹೊಟ್ಟೆಗೆ ಕಾಂಕ್ರೀಟ್. ಆ ವರ್ಷ ಡಿಸೆಂಬರಲ್ಲಿ 11 ಟನ್ನಿಗಿಂತ ಹೆಚ್ಚು ಸಮೃದ್ಧ ಯುರೇನಿಯಂ ಹಡಗು ಹತ್ತಿ ರಷ್ಯಾಕ್ಕೆ ಹೋಯ್ತು. ಐಎಇಎ, ಅಂದ್ರೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವ್ರು, ಸುಮಾರು 2,000 ಸೀಲ್ ಹಾಕಿದ್ರು, ಕ್ಯಾಮೆರಾ ಇಟ್ರು, ಹತ್ತಿ ಬಟ್ಟೆಯಲ್ಲಿ ಗೋಡೆ ಮೆಷಿನ್ ಎಲ್ಲ ಒರೆಸಿ ಆ ಧೂಳನ್ನು ಆಸ್ಟ್ರಿಯಾದ ಲ್ಯಾಬಿಗೆ ಕಳಿಸ್ತಿದ್ರು. ನಾವು ಮಾಡುವ ಕೆಲಸವೇ, ಮಾಲು ಮಾತ್ರ ಬೇರೆ.

ಈ ಅಳತೆ ಎಷ್ಟು ಸೂಕ್ಷ್ಮ ಇತ್ತು ಅಂದ್ರೆ, ಭಾರಜಲ (ಕೆಲವು ರಿಯಾಕ್ಟರಲ್ಲಿ ಬಳಸುವ ವಿಶೇಷ ನೀರು) 130 ಟನ್ ಮಿತಿ ಅಂತ ಇತ್ತು, 2016ರ ಫೆಬ್ರವರಿಯಲ್ಲಿ 130.9 ಟನ್ ಆಗಿತ್ತು, ಅದೂ ರಿಪೋರ್ಟಲ್ಲಿ ಬಂತು, ಹೆಚ್ಚಾದ್ದನ್ನು ಹೊರಗೆ ಕಳಿಸಿದ್ರು. 0.9 ಟನ್! ಒಂದು ಟನ್ನೂ ಇಲ್ಲ ಮಾರಾಯ್ರೆ. ವೈರಿಯ ಮನೆಯೊಳಗೆ ಹೋಗಿ ಇಷ್ಟು ಸಣ್ಣ ವ್ಯತ್ಯಾಸ ಹಿಡಿಯುವ ವ್ಯವಸ್ಥೆ ಕೈಯಲ್ಲಿ ಇದ್ದಾಗ ಅದನ್ನು ಬಿಟ್ಟದ್ದು ನಂಗೆ ಈಗಲೂ ಹೊಟ್ಟೆ ಉರಿಸ್ತದೆ.

ಭಾವ ಕೇಳಿದ್ರು, ಫೋರ್ಡೋ ಎಂತ? ಸರಿಯಾದ ಪ್ರಶ್ನೆಯೇ. ಗುಡ್ಡದ ಹೊಟ್ಟೆಯೊಳಗೆ ಕದ್ದು ಕಟ್ಟಿದ ಆ ಯುರೇನಿಯಂ ಸ್ಥಾವರ 2009ರಲ್ಲಿ ಹೊರಗೆ ಬಂತು, ಅದಕ್ಕೂ ಮೊದ್ಲು 2002ರಲ್ಲಿ ನಟಾಂಜ್ ಹೊರಗೆ ಬಂದದ್ದೂ ಹಾಗೇ. ಇರಾನ್ ಸುಳ್ಳು ಹೇಳಿದೆ, ಒಂದ್ಸಲ ಅಲ್ಲ ಹಲವು ಸಲ, ಅದನ್ನು ಮುಚ್ಚಿ ಮಾತಾಡುವವರ ಜೊತೆ ನಾನೂ ಇಲ್ಲ. ಇನ್ನೊಂದು ಅವ್ರು ಹೇಳಿದ್ದು ಉತ್ತರ ಕೊರಿಯಾ. 1994ರಲ್ಲಿ ಒಪ್ಪಂದ, 2003ರ ಜನವರಿಯಲ್ಲಿ ಎನ್‌ಪಿಟಿ (ಅಣ್ವಸ್ತ್ರ ಹರಡಬಾರ್ದು ಅನ್ನುವ ಒಪ್ಪಂದ) ಬಿಡ್ತೇವೆ ಅಂದ್ರು, 2006ರ ಅಕ್ಟೋಬರ್ 9ಕ್ಕೆ ಬಾಂಬ್ ಟೆಸ್ಟ್. ಇದಕ್ಕೆ ಎಂತ ಹೇಳ್ತಿ ಅಂತ ಎದುರಿಗೇ ಬಂದು ಕೂತ್ರು.

ನಾನು ಅದನ್ನು ತಿರುಗಿಸಿ ತಿರುಗಿಸಿ ಯೋಚಿಸಿದೆ. ಉತ್ತರ ಕೊರಿಯಾದ ಯೋಂಗ್‌ಬ್ಯೋನ್ ಸ್ಥಾವರದಲ್ಲಿ 8,000ದಷ್ಟು ಬಳಸಿದ ಇಂಧನ ಸರಳುಗಳು ಡಬ್ಬಿಯಲ್ಲಿ ಸೀಲ್ ಆಗಿ ಇದ್ವು, ಇನ್‌ಸ್ಪೆಕ್ಟರುಗಳು ಅಲ್ಲಿ ಇರುವಷ್ಟು ವರ್ಷ ಅವು ಅಲ್ಲಾಡ್ಲಿಲ್ಲ. 2002ರ ಡಿಸೆಂಬರಲ್ಲಿ ಇನ್‌ಸ್ಪೆಕ್ಟರುಗಳನ್ನು ಹೊರಗೆ ಹಾಕಿದ ಮೇಲೆ ಆ ಸರಳುಗಳಿಂದ ಬಾಂಬಿಗೆ ಆಗುವ ಪ್ಲುಟೋನಿಯಂ ತೆಗೆದ್ರು. ಅದೇ ದೇಶ ಇನ್ನೊಂದು ಕಡೆ, ಯಾರೂ ನೋಡದ ಕಡೆ, ಯುರೇನಿಯಂ ದಾರಿ ಹಿಡಿದಿತ್ತು. ಟೇಪ್ ಇಳಿದ ಟ್ಯಾಂಕಿನ ಲೆಕ್ಕ ಸರಿ, ಇಳಿಯದ ಟ್ಯಾಂಕಲ್ಲಿ ಕಳ್ಳತನ. ಹಾಗಾದ್ರೆ ಇನ್ನೂ ಹೆಚ್ಚು ಟ್ಯಾಂಕಿಗೆ ಟೇಪ್ ಇಳಿಸ್ಬೇಕು ಅಂತ ಅಲ್ವಾ ಅದರಿಂದ ಕಲಿಯುದು? ಇರಾನ್ ಜೊತೆ ಮಾಡಿದ್ದು ಅದನ್ನೇ, ಗಣಿಯಿಂದ ಸೆಂಟ್ರಿಫ್ಯೂಜ್ ಮಾಡುವ ವರ್ಕ್‌ಶಾಪಿನವರೆಗೆ ಕಣ್ಣಿಟ್ಟಿದ್ರು. ಗುಮಾನಿ ಇರುವ ಜಾಗಕ್ಕೆ ಹೋಗ್ಲಿಕ್ಕೆ 24 ದಿನ ತಡ ಮಾಡ್ಬಹುದು ಅಂತ ಆವಾಗ ದೊಡ್ಡ ಬೊಬ್ಬೆ ಆಗಿತ್ತು, ಅಷ್ಟರಲ್ಲಿ ತೊಳ್ದು ಬಿಡ್ತಾರೆ ಅಂತ. ಟೆಹ್ರಾನ್ ಹತ್ರ ತುರ್ಕುಝಾಬಾದಲ್ಲಿ ಒಂದು ಗೋದಾಮನ್ನು 2018ರಲ್ಲಿ ಖಾಲಿ ಮಾಡಿದ್ರು, 2019ರಲ್ಲಿ ಹೋಗಿ ಒರೆಸಿದ್ರೆ ಯುರೇನಿಯಂ ಕಣ ಸಿಕ್ತು. ತಿಂಗಳುಗಟ್ಟಲೆ ಆದ್ಮೇಲೂ ಧೂಳು ಹೋಗಿರ್ಲಿಲ್ಲ.

ಕಡೆಗೆ ಮುರಿದವರು ಯಾರು? 2018ರ ಮೇ 8ಕ್ಕೆ ಟ್ರಂಪ್ ಅಮೆರಿಕವನ್ನು ಹೊರಗೆ ತಂದ್ರು. ಆವತ್ತಿನವರೆಗೆ ಐಎಇಎ ರಿಪೋರ್ಟುಗಳಲ್ಲಿ ಇರಾನ್ ಮಿತಿಯೊಳಗೇ ಇದೆ ಅಂತ ಉಂಟು, ಆ ಭಾರಜಲದ್ದು ಬಿಟ್ರೆ. ಆಮೇಲೆ ಒಂದು ವರ್ಷ ಕಾದು 2019ರ ಜುಲೈಯಲ್ಲಿ ಇರಾನ್ 300 ಕೆಜಿ ದಾಟಿತು, 3.67 ದಾಟಿತು. 2021ರ ಫೆಬ್ರವರಿಯಲ್ಲಿ ಹೆಚ್ಚುವರಿ ತಪಾಸಣೆ ನಿಲ್ಲಿಸಿದ್ರು, ಏಪ್ರಿಲಲ್ಲಿ 60 ಶೇಕಡಾ ಶುರು, 2022ರ ಜೂನಲ್ಲಿ 27 ಕ್ಯಾಮೆರಾ ತೆಗೆದ್ರು. "ಅವ್ರು ನಂಬಿಕೆಗೆ ಯೋಗ್ಯರಲ್ಲ" ಅಂತ ಹೇಳಿದವರೇ ಅವರನ್ನು ಅಳೆಯುವ ಟೇಪನ್ನು ಸಮುದ್ರಕ್ಕೆ ಎಸೆದ ಹಾಗಾಯ್ತು. ಇರಾನ್ ಮಾಡಿದ್ದು ಸರಿ ಅಂತ ನಾನು ಹೇಳುದಿಲ್ಲ, 60 ಶೇಕಡಾ ಯುರೇನಿಯಂ ಯಾವ ಕರೆಂಟಿಗೂ ಬೇಡ. ಆದ್ರೆ ಕ್ರಮ ಯಾವುದು, ಯಾವುದರ ಹಿಂದೆ ಯಾವುದು ಬಂತು, ಅದನ್ನು ಮರಿಬಾರ್ದು.

ನಮ್ಮೂರಿಗೂ ಇದು ತಟ್ಟಿದೆ. ನಮ್ಮಲ್ಲಿಯ ಎಣ್ಣೆ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್ ಒಂದು ಕಾಲದಲ್ಲಿ ಇರಾನ್ ಕ್ರೂಡ್ ತಗೊಳ್ಳುದ್ರಲ್ಲಿ ದೇಶದಲ್ಲೇ ಮುಂದೆ ಇತ್ತು. 2016ರ ಜನವರಿಯಲ್ಲಿ ಒಪ್ಪಂದ ಜಾರಿಯಾಗಿ ನಿರ್ಬಂಧ ಸಡಿಲ ಆದ ಮೇಲೆ ಇರಾನಿನ ಖಾರ್ಗ್ ದ್ವೀಪದಿಂದ ಬರುವ ಹಡಗುಗಳು ಪುನಃ ಜಾಸ್ತಿ ಆದದ್ದು ನಮ್ಮ ಕೆಲಸದಲ್ಲೇ ಗೊತ್ತಾಗ್ತಿತ್ತು. ಅಮೆರಿಕ ಪುನಃ ನಿರ್ಬಂಧ ಹಾಕಿದ ಮೇಲೂ ಇರಾನ್ ಎಣ್ಣೆ ತಗೊಳ್ಲಿಕ್ಕೆ ಕೊಟ್ಟಿದ್ದ ವಿನಾಯಿತಿ 2019ರ ಮೇಯಲ್ಲಿ ಮುಗಿತು, ಆ ಹಡಗು ಬರುದು ನಿಂತಿತು. ಪಾದೂರಲ್ಲಿ 25 ಲಕ್ಷ ಟನ್, ಮಂಗಳೂರಲ್ಲಿ 15 ಲಕ್ಷ ಟನ್ ಎಣ್ಣೆ ಹಿಡಿಯುವ ಕಲ್ಲಿನ ಗುಹೆಗಳನ್ನು ದೇಶ ಕಟ್ಟಿದ್ದು ಇಂಥ ದಿನಗಳಿಗೇ, ನಾವು ಕಾಪು ಕಡೆ ಹೋಗುವಾಗ ಆ ಗುಡ್ಡಗಳ ಅಡಿಯಲ್ಲಿ ಎಂತ ಉಂಟು ಅಂತ ನೆನಪೂ ಮಾಡುದಿಲ್ಲ.

ಭಾವ ಹೇಳಿದ್ರಲ್ಲಿ ನಂಗೆ ಉತ್ತರ ಇಲ್ಲದ್ದು ಒಂದಿದೆ. ಆ ಒಪ್ಪಂದದ ಮಿತಿಗಳಿಗೆ 10 ವರ್ಷ, 15 ವರ್ಷ ಅಂತ ವಾಯಿದೆ ಇತ್ತು, ಅದು ಮುಗಿದ ಮೇಲೆ ಎಂತ? ನಿಜ. 2025ರ ಅಕ್ಟೋಬರ್ 18 ಅಂದ್ರೆ, ಆ ಒಪ್ಪಂದಕ್ಕೆ ಮುದ್ರೆ ಒತ್ತಿದ ಭದ್ರತಾ ಮಂಡಳಿಯ 2231ನೇ ನಿರ್ಣಯದ ಅವಧಿ ಮುಗಿಯುವ ದಿನ ಅಂತ 2015ರಲ್ಲೇ ಬರೆದಿಟ್ಟಿದ್ರು. ಆವಾಗ ಯುರೋಪಿನ 3 ದೇಶಗಳು (ಬ್ರಿಟನ್, ಫ್ರಾನ್ಸ್, ಜರ್ಮನಿ) ನಿರ್ಬಂಧ ವಾಪಸ್ ಬಂತು ಅಂದ್ವು, ಇರಾನ್, ರಷ್ಯಾ, ಚೀನಾ ನಿರ್ಣಯವೇ ಮುಗಿತು ಅಂದ್ವು. ಇದರ ಜೊತೆ ನಂದೂ ಒಂದು ಸೇರಿಸ್ತೇನೆ, ಅಮೆರಿಕದ ಮಟ್ಟಿಗೆ ಅದು ಸೆನೆಟ್ ಒಪ್ಪಿದ ಸಂಧಿ ಆಗಿರ್ಲಿಲ್ಲ, ಒಬ್ಬ ಅಧ್ಯಕ್ಷ ಮಾಡಿದ್ದು, ಇನ್ನೊಬ್ಬ ಹರಿದ. ನಾವೆಲ್ಲ ಸಡಿಲ ಸೀಲ್ ಇರಾನಿನ ಕಡೆ ಹುಡುಕ್ತಾ ಇದ್ವು, ಅದು ವಾಷಿಂಗ್ಟನ್ ಕಡೆ ಇತ್ತು.

ಹಾಗಾದ್ರೆ ವೈರಿ ಜೊತೆ ಬಾಳುವ ಒಪ್ಪಂದವೇ ಇಲ್ವಾ? ನಮ್ಮಲ್ಲೇ ಉಂಟು. 1988ರ ಡಿಸೆಂಬರ್ 31ಕ್ಕೆ ಇಸ್ಲಾಮಾಬಾದಲ್ಲಿ, ರಾಜೀವ್ ಗಾಂಧಿ ಮತ್ತು ಬೆನಜೀರ್ ಭುಟ್ಟೋ ಎದುರಲ್ಲಿ ಸಹಿ ಆದದ್ದು, ಒಬ್ಬರ ಅಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡ್ಬಾರ್ದು ಅಂತ. ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಅಕ್ಷಾಂಶ ರೇಖಾಂಶ ಬರೆದ ಪಟ್ಟಿ ಎರಡೂ ಕಡೆಯವರು ಬದಲಾಯಿಸಿಕೊಳ್ತಾರೆ. 1992ರಲ್ಲಿ ಶುರುವಾದದ್ದು 2025ಕ್ಕೆ 34ನೇ ಸಲ. ಮಧ್ಯೆ ಕಾರ್ಗಿಲ್ ಆಯ್ತು, ಪಾರ್ಲಿಮೆಂಟ್ ದಾಳಿ ಆಯ್ತು, 26/11 ಆಯ್ತು, ಪುಲ್ವಾಮಾ ಆಯ್ತು, ಒಂದು ವರ್ಷವೂ ತಪ್ಪಿಲ್ಲ. ಇಲ್ಲಿಂದ ಉತ್ತರಕ್ಕೆ ಕೆಲವು ಗಂಟೆ ಹೋದ್ರೆ ಕಾಳಿ ನದಿ ದಡದ ಕೈಗಾ, ಅಲ್ಲಿಯ 4 ರಿಯಾಕ್ಟರುಗಳಿಗೂ ಈ ಒಪ್ಪಂದವೇ ಕೊಡೆ.

ಇದು ನನ್ನ ಟೇಪಿನ ವಾದಕ್ಕೆ ಸರಿ ಕೂರುದಿಲ್ಲ, ಒಪ್ತೇನೆ. ಇಲ್ಲಿ ಇನ್‌ಸ್ಪೆಕ್ಟರ್ ಇಲ್ಲ, ಸೀಲ್ ಇಲ್ಲ, ಪಟ್ಟಿ ಪೂರ್ತಿ ಅಂತ ಅಳೆದು ನೋಡುವವರು ಯಾರೂ ಇಲ್ಲ. ಹಾಗಾದ್ರೆ ಹೇಗೆ ನಿಂತಿದೆ? ನಂಗೆ ಕಾಣುದು ಇಷ್ಟು, ಒಪ್ಪಂದ ಸಣ್ಣದು, ಕೇಳುದು ಒಂದೇ ವಿಷಯ, ಮುರಿದವನಿಗೂ ಅದೇ ವಾರ ಅದೇ ಗತಿ ಬರ್ತದೆ, ಯಾಕಂದ್ರೆ ಗಾಳಿ ಗಡಿ ನೋಡಿ ಬೀಸುದಿಲ್ಲ. ಇರಾನ್ ಒಪ್ಪಂದ ಹರಿದಾಗ ನಷ್ಟ ಆದದ್ದು ಹರಿದವನಿಗೆ ಅಲ್ಲ, ಟೆಹ್ರಾನಲ್ಲಿ ಔಷಧಿ ಸಿಗದವನಿಗೆ, ದೋಹಾದ ಬಾಲ್ಕನಿಯಲ್ಲಿ ನಿಂತ ನಮ್ಮ ಹುಡುಗನಿಗೆ.

2025ರ ಜೂನ್ 22ಕ್ಕೆ ಅಮೆರಿಕ ಫೋರ್ಡೋ, ನಟಾಂಜ್, ಇಸ್ಫಹಾನ್ ಮೇಲೆ ಬಾಂಬ್ ಹಾಕಿದಾಗ ಭಾವ "ಈಗ ಮುಗಿತು, ಒಪ್ಪಂದದ ಕಿರಿಕಿರಿ ಇಲ್ಲ" ಅಂದಿದ್ರಂತೆ. ಮರುದಿನ ರಾತ್ರಿ ಆ ವಿಡಿಯೋ ಬಂತು. ದಾಳಿಗೆ ಮೊದ್ಲು ಇರಾನ್ ಹತ್ರ 60 ಶೇಕಡಾದ 440.9 ಕೆಜಿ ಇತ್ತು ಅಂತ ಐಎಇಎ ಅಂದಾಜು. ಜುಲೈಯಲ್ಲಿ ಇನ್‌ಸ್ಪೆಕ್ಟರುಗಳು ಹೊರಗೆ ಹೋದ್ರು, ಆಗಸ್ಟಲ್ಲಿ ಬುಶೆಹರಿನ ಕರೆಂಟ್ ಸ್ಥಾವರಕ್ಕೆ ವಾಪಸ್ ಹೋದ್ರು, ಆದ್ರೆ ಫೋರ್ಡೋ ಒಳಗೆ ಹೋಗಿ ಅಳೆದವರು 2025ರ ಅಕ್ಟೋಬರ್ ವರೆಗೂ ಯಾರೂ ಇರ್ಲಿಲ್ಲ.

ದೀಪಾವಳಿಗೆ ಬಂದಿದ್ದ ಹುಡುಗ ನಿನ್ನೆ ರಾತ್ರಿ ಹೊರಟ. ಬಜ್ಪೆ ಏರ್‌ಪೋರ್ಟ್ ಗೇಟಲ್ಲಿ ಅಕ್ಕ ಹಪ್ಪಳ, ಉಪ್ಪಿನಕಾಯಿ ಇದ್ದ ಚೀಲವನ್ನು ಅವನ ಕೈಗೆ ಕೊಟ್ಟು ಅವ ಒಳಗೆ ಹೋಗುವವರೆಗೆ ನಿಂತಿದ್ರು. ಕಾರಲ್ಲಿ ಕೆಂಜಾರು ಇಳಿತಾ ಇರುವಾಗ ನನ್ನತ್ರ ಕೇಳಿದ್ರು, "ಆವತ್ತು ನೀವಿಬ್ರು ಹೇಳ್ತಾ ಇದ್ರಲ್ಲ, ಆ ಸಾಮಾನು ಈಗ ಎಲ್ಲಿ ಉಂಟು, ಎಷ್ಟು ಉಂಟು ಅಂತ ಯಾರಿಗಾದ್ರೂ ಗೊತ್ತುಂಟಾ?" ಇಪ್ಪತ್ತಾರು ವರ್ಷ ಅಂಕೆ ಹೇಳುದೇ ಕೆಲಸ ನನ್ನದು. ಅಕ್ಕನಿಗೆ ಹೇಳ್ಲಿಕ್ಕೆ ನನ್ನತ್ರ ಅಂಕೆ ಇರ್ಲಿಲ್ಲ.