ಯೋಕೊ ಓನೊ ಬಗ್ಗೆ ನಮ್ಮೂರಿನ ಅಭಿಪ್ರಾಯ

ನಮ್ಮ ಕಾಸರಗೋಡು ಕಡೆ ಎಷ್ಟೋ ವಿಷಯಕ್ಕೆ ಬರ ಬಂದಿದೆ. ಏಪ್ರಿಲ್ ತಿಂಗಳಲ್ಲಿ ನೀರಿಗೆ ಬರ, ಅಡಕೆ ಕೊಯ್ಯಲು ಜನಕ್ಕೆ ಬರ, ಕನ್ನಡ ಶಾಲೆಗೆ ಮಕ್ಕಳಿಗೆ ಬರ. ಅಭಿಪ್ರಾಯಕ್ಕೆ ಮಾತ್ರ ಯಾವತ್ತೂ ಬರ ಬಂದದ್ದಿಲ್ಲ. 1956ರಲ್ಲಿ ನಾವು ಕೇರಳಕ್ಕೆ ಸೇರಿಹೋದದ್ದು ಯಾರ ತಪ್ಪು ಅಂತ, ಅದಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದವನೂ ಎದೆ ತಟ್ಟಿ ಹೇಳುತ್ತಾನೆ. ಮಹಾಜನ ವರದಿಯನ್ನು ಪೂರ್ತಿ ಓದಿದವರನ್ನು ನಾನು ಕಂಡಿಲ್ಲ. ಅದು ಜಾರಿಗೆ ಬರಬೇಕು ಅನ್ನದ ಕನ್ನಡಿಗರನ್ನೂ ಕಂಡಿಲ್ಲ.

ಹಾಗಿರುವಾಗ ಯೋಕೊ ಓನೊ ಬಗ್ಗೆ ಇಲ್ಲಿ ಅಭಿಪ್ರಾಯ ಇದೆ ಅಂದರೆ ಆಶ್ಚರ್ಯ ಪಡಬೇಕಾದ್ದೇನಿಲ್ಲ. ಇದೆ. ಪೆರ್ಲ, ಬದಿಯಡ್ಕದ ಕಡೆ ಇಂಗ್ಲಿಷ್ ಹಾಡು ಕೇಳುವವರು ನಾಲ್ಕು ಜನ ಸಿಗಬಹುದು, ನಾಲ್ವರಿಗೂ ಆಕೆಯ ಮೇಲೆ ಸಿಟ್ಟಿದೆ, ಮತ್ತು ನಾಲ್ವರೂ ಆಕೆಯ ಒಂದೇ ಒಂದು ಹಾಡನ್ನೂ ಕೇಳಿಲ್ಲ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುವುದಾದರೆ, ಆಕೆ 1933ರಲ್ಲಿ ಟೋಕಿಯೊದಲ್ಲಿ ಹುಟ್ಟಿದವಳು. ಅನುಕೂಲಸ್ಥರ ಮನೆ, ಅಪ್ಪ ಬ್ಯಾಂಕಿನಲ್ಲಿದ್ದವರು, ಪಿಯಾನೊ ಪಾಠವೂ ಆಗಿತ್ತು. ಮಹಾಯುದ್ಧದ ಕೊನೆಗೆ ಟೋಕಿಯೊ ಸುಟ್ಟುಹೋದಾಗ ಹಳ್ಳಿಗೆ ಓಡಬೇಕಾಯ್ತು. ಅಲ್ಲಿ ಹಸಿವಾದಾಗ ತಮ್ಮನ ಜೊತೆ ಆಕಾಶ ನೋಡುತ್ತಾ ಮಲಗಿ, ಇವತ್ತು ಊಟಕ್ಕೆ ಏನೇನಿದೆ ಅಂತ ಕಲ್ಪಿಸಿಕೊಳ್ಳುತ್ತಿದ್ದಳಂತೆ. ಆಮೇಲೆ ಅಮೆರಿಕಕ್ಕೆ ಹೋಗಿ ಕಲಾವಿದೆಯಾದಳು. ಎಂಥ ಕಲೆ ಅಂದರೆ, 1964ರಲ್ಲಿ ಕ್ಯೋಟೊದ ಒಂದು ವೇದಿಕೆಯ ಮೇಲೆ ಒಳ್ಳೆಯ ಬಟ್ಟೆ ಹಾಕಿಕೊಂಡು ಮಂಡಿಯೂರಿ ಕೂತಳು, ಮುಂದೆ ಒಂದು ಕತ್ತರಿ ಇಟ್ಟಳು, ನೋಡಲು ಬಂದವರು ಒಬ್ಬೊಬ್ಬರಾಗಿ ಬಂದು ಬಟ್ಟೆಯಿಂದ ಒಂದೊಂದು ತುಂಡು ಕತ್ತರಿಸಿಕೊಂಡು ಹೋಗಬಹುದು ಅಂದಳು. ಅವರು ಕತ್ತರಿಸಿದರು. ಆಕೆ ಅಲುಗಾಡದೆ ಕೂತಿದ್ದಳು. ಮರುವರ್ಷ ನ್ಯೂಯಾರ್ಕಿನಲ್ಲಿ ಮಾಡಿದ್ದರ ಚಿತ್ರೀಕರಣ ಇದೆ. ಅದರಲ್ಲಿ ಒಬ್ಬ ಹುಡುಗ ನಗುನಗುತ್ತಾ ಬಂದು ಒಳ ಉಡುಪಿನ ಪಟ್ಟಿಯನ್ನೇ ಕತ್ತರಿಸುತ್ತಾನೆ. ಇದೆಂಥ ಕಲೆ ಅಂತ ಯಾರಾದರೂ ಕೇಳಿದರೆ "ಆ ಹುಡುಗನ ಮುಖ ನೋಡಿ" ಅನ್ನುತ್ತೇನೆ ನಾನು.

ಆದರೆ ಜನರ ಸಿಟ್ಟಿಗೆ ಕತ್ತರಿ ಕಾರಣ ಅಲ್ಲ. 1966ರಲ್ಲಿ ಲಂಡನ್ನಿನಲ್ಲಿ ಆಕೆಯ ಪ್ರದರ್ಶನ ನೋಡಲು ಇಂಗ್ಲೆಂಡಿನ ನಾಲ್ವರು ಹಾಡುಗಾರರ ಹೆಸರಾಂತ ತಂಡ ಬೀಟಲ್ಸ್‌ನ ಜಾನ್ ಲೆನನ್ ಬಂದ. 1969ರಲ್ಲಿ ಇಬ್ಬರೂ ಮದುವೆಯಾದರು. 1970ರಲ್ಲಿ ಬೀಟಲ್ಸ್ ಒಡೆಯಿತು. ಮುಗೀತು ಕತೆ. ನಾಲ್ಕು ಗಂಡಸರ ಮನೆಗೆ ಒಬ್ಬ ಸೊಸೆ ಬಂದು ಎರಡು ವರ್ಷದಲ್ಲಿ ಪಾಲಾದರೆ, ಪಾಲುಪಟ್ಟಿ ಬರೆದವನನ್ನು ಯಾರು ಕೇಳ್ತಾರೆ, ಜಗಳ ಶುರುವಾದದ್ದು ತೋಟದ ಗಡಿಯಿಂದಲೋ ಬ್ಯಾಂಕಿನ ಸಾಲದಿಂದಲೋ ಅಂತ ಯಾರು ನೋಡ್ತಾರೆ? ಸೊಸೆ ಬಂದದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ, ಸಾಲ ಕಾಣುವುದಿಲ್ಲ.

ನಮ್ಮ ಭಾವ ಒಬ್ಬರಿದ್ದಾರೆ. ದುಬೈಯಲ್ಲಿ ಬಹಳ ವರ್ಷ ಇದ್ದು ಬಂದವರು. ಬರುವಾಗ ಬೇರೆಯವರು ಕಂಬಳಿ, ಟಾರ್ಚು, ಅತ್ತರು ತಂದರೆ ಇವರು ಬೀಟಲ್ಸ್ ಕ್ಯಾಸೆಟ್ ತಂದಿದ್ದರು. ಆ ಕ್ಯಾಸೆಟ್‌ಗಳಿಗೆ ಈಗ ಬೂಸಲು ಬಂದಿದೆ, ಆದರೂ ಗೋದ್ರೆಜ್ ಕಪಾಟಿನಲ್ಲಿ ಜಮೀನಿನ ದಾಖಲೆಗಳ ಪಕ್ಕದಲ್ಲೇ ಅವುಗಳ ಜಾಗ. ಯೋಕೊ ಹೆಸರೆತ್ತಿದರೆ ಭಾವನ ಮುಖದಲ್ಲಿ ಹಾಗಲಕಾಯಿ ಕಾಣುತ್ತದೆ. "ಒಂದು ಒಳ್ಳೆಯ ಮೇಳವನ್ನು ಹಾಳು ಮಾಡಿದಳು" ಅನ್ನುತ್ತಾರೆ.

ಒಂದು ಸಂಜೆ ಸುಮ್ನೆ ವಾದಕ್ಕೆ ಕೂತೆ. ಭಾವ, 1967ರಲ್ಲೇ ಅವರ ಮ್ಯಾನೇಜರ್ ಬ್ರಯನ್ ಎಪ್‌ಸ್ಟೈನ್ ತೀರಿಹೋದ, ಆಮೇಲೆ ಲೆಕ್ಕಪತ್ರ ನೋಡುವವರೇ ಇರಲಿಲ್ಲ ಅಂದೆ. 1968ರಲ್ಲಿ ಡ್ರಮ್ ಬಾರಿಸುವ ರಿಂಗೋ ಮುನಿಸಿಕೊಂಡು ಎದ್ದು ಹೋಗಿದ್ದ. ಮರುವರ್ಷ ಜನವರಿಯಲ್ಲಿ ಜಾರ್ಜ್ ಎದ್ದು ಹೋದ, ಪಾಪ ಅವನು ಬರೆದ ಹಾಡುಗಳಿಗೆ ಜಾಗವೇ ಸಿಗುತ್ತಿರಲಿಲ್ಲ. ಇಬ್ಬರನ್ನೂ ಪುಸಲಾಯಿಸಿ ಕರೆದುಕೊಂಡು ಬಂದದ್ದು. ಹೊಸ ಮ್ಯಾನೇಜರ್ ಯಾರಾಗಬೇಕು ಅಂತ ಬಂದಾಗ ಮೂವರು ಅಲೆನ್ ಕ್ಲೈನ್ ಅಂದರು, ಪಾಲ್ ಮೆಕಾರ್ಟ್ನಿ ಒಬ್ಬ ತನ್ನ ಹೆಂಡತಿಯ ಅಪ್ಪನ ಕಡೆಯವರು ಆಗಬೇಕು ಅಂದ. 1970ರ ಡಿಸೆಂಬರ್ 31ಕ್ಕೆ ಲಂಡನ್ ಹೈಕೋರ್ಟಿನಲ್ಲಿ ಉಳಿದ ಮೂವರ ಮೇಲೆ ದಾವೆ ಹಾಕಿದ್ದೂ ಅದೇ ಪಾಲ್. ಯೋಕೊ ಆಗ ಮಾಡಿದ್ದೇನು? 2021ರಲ್ಲಿ ಬಂದ ಆ ಉದ್ದದ ಸಾಕ್ಷ್ಯಚಿತ್ರದಲ್ಲಿ ನೀವೇ ನೋಡಬಹುದು. ಗಂಡನ ಪಕ್ಕ ಕೂತು ಪೇಪರ್ ಓದುತ್ತಾಳೆ. ಅಷ್ಟೇ. ಇನ್ನು ಐವತ್ತು ವರ್ಷ ಕಳೆದ ಮೇಲೆ ಯೋಕೊ ಆಂಪ್ಲಿಫೈಯರ್ ಮೇಲೆ ಕೂತಳು, ಅದಕ್ಕೇ ಬೀಟಲ್ಸ್ ಒಡೆಯಿತು ಅಂತ ಜನ ಹೇಳ್ತಾರೆ ನೋಡಿ ಎಂದು ಪಾಲ್ 1969ರಲ್ಲೇ ತಮಾಷೆ ಮಾಡುವುದೂ ಅದರಲ್ಲಿದೆ.

ಭಾವ ಪೂರ್ತಿ ಕೇಳಿದರು. ವೀಳ್ಯದೆಲೆಗೆ ಸುಣ್ಣ ಸವರಿ, ತೊಟ್ಟು ಮುರಿದು, ಮಡಚಿ ಬಾಯಿಗಿಟ್ಟುಕೊಂಡರು. "ಹಾಗಾದ್ರೆ ಆ ಪಾಲ್‌ನ ಮಾವನೇ ಕಾರಣ" ಅಂದರು. "ನಾನು ಆಗಲೇ ಹೇಳಿದೆ ಅಲ್ವಾ? ಹೆಣ್ಣು ಕೊಟ್ಟವರ ಕಡೆಯಿಂದಲೇ ಬಂದದ್ದು."

ವಾದ ಮಾಡಿ ಅಭಿಪ್ರಾಯ ಬದಲಾಯಿಸಬಹುದು ಅಂದುಕೊಂಡವರು ನಮ್ಮ ಭಾವನನ್ನು ಒಮ್ಮೆ ಕಾಣಬೇಕು.

ಆಕೆಯನ್ನು ಹೊಗಳುವವರ ಸಂಗತಿಯೂ ಹೀಗೇ. ಅಭಿಪ್ರಾಯಕ್ಕೂ ವಯಸ್ಸಾಗುತ್ತದೆ. ನಮ್ಮದೇ ಜಿಲ್ಲೆಯ ಚೆರುವತ್ತೂರು ಕಡೆಯ ಶಿಲ್ಪಿ ಕಾನಾಯಿ ಕುಞ್ಞಿರಾಮನ್ 1969ರಲ್ಲಿ ಮಲಂಪುಳದ ಅಣೆಕಟ್ಟಿನ ತೋಟದಲ್ಲಿ ಬೆತ್ತಲೆ ಯಕ್ಷಿಯನ್ನು ಕೂರಿಸಿದಾಗ ಎಂಥ ಗಲಾಟೆ! ಈಗ ಮಲಂಪುಳಕ್ಕೆ ಹೋದವರು, ಮಕ್ಕಳು ಮರಿ ಅಜ್ಜಿ ಸಮೇತ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ಬರುವುದಿಲ್ಲ. ಯೋಕೊಗೂ ಹಾಗೇ ಆಯಿತು. 2009ರಲ್ಲಿ ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾಮೇಳದವರು ಜೀವಮಾನದ ಸಾಧನೆಗೆ ಬಂಗಾರದ ಸಿಂಹ ಪ್ರಶಸ್ತಿ ಕೊಟ್ಟರು. 2024ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯ ಆಕೆಯ ದೊಡ್ಡ ಪ್ರದರ್ಶನವನ್ನೇ ಇಟ್ಟಿತು. ಈಗ ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಕಡೆಯ ಮಕ್ಕಳು ಊರಿಗೆ ಬಂದಾಗ, ಆಕೆಗೆ ಅನ್ಯಾಯ ಆಗಿದೆ, ಆಕೆ ಕಾಲಕ್ಕಿಂತ ಮುಂದೆ ಇದ್ದಳು ಅನ್ನುತ್ತಾರೆ. ಅನ್ಯಾಯ ಆಗಿದೆ, ನಿಜ. 1970ರಲ್ಲಿ ಅಮೆರಿಕದ ಒಂದು ಪತ್ರಿಕೆ ಜಪಾನಿಯರ ಉಚ್ಚಾರವನ್ನು ಅಣಕಿಸಿ ಆಕೆಯ ಬಗೆಗಿನ ಲೇಖನಕ್ಕೆ ತಲೆಬರಹ ಕೊಟ್ಟಿತ್ತು. ಮಂಗಳೂರು ದಾಟಿದ ಕೂಡಲೇ ನಮ್ಮ ಕನ್ನಡವನ್ನು ಅಣಕಿಸುವವರನ್ನು ಕಂಡ ನಮಗೆ ಅದು ಬೇಗ ತಾಗುತ್ತದೆ. ಅದೆಲ್ಲ ಸರಿ. ಹಾಡು ಕೇಳಿದಿಯಾ ಅಂತ ಕೇಳಿದರೆ, "ಇಲ್ಲ, ಸ್ವಲ್ಪ ಕೇಳಿದೆ, ಆಮೇಲೆ ಬಂದ್ ಮಾಡಿದೆ" ಅನ್ನುತ್ತಾರೆ.

ನಾನು ಕೇಳಿದ್ದೇನೆ. ಎಲ್ಲವನ್ನೂ ಅಲ್ಲ, ಅಷ್ಟು ಪುಣ್ಯ ನನಗೂ ಬೇಡ. 1981ರಲ್ಲಿ ಬಂದ, ತೆಳು ಮಂಜುಗಡ್ಡೆಯ ಮೇಲೆ ನಡೆಯುವ ಹಾಡು ನನಗೆ ನಿಜಕ್ಕೂ ಇಷ್ಟ. ಲೆನನ್ ಗುಂಡೇಟು ತಿಂದ 1980ರ ಡಿಸೆಂಬರ್ 8ರ ರಾತ್ರಿ ಇಬ್ಬರೂ ಸ್ಟುಡಿಯೋದಲ್ಲಿ ಅದರ ಕೆಲಸ ಮಾಡಿಯೇ ಮನೆಗೆ ಬಂದದ್ದು. 2003ರಲ್ಲಿ ಅದೇ ಹಾಡಿನ ಹೊಸ ಮಿಕ್ಸ್ ಅಮೆರಿಕದ ಡ್ಯಾನ್ಸ್ ಕ್ಲಬ್ಬುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಆಗ ಆಕೆಗೆ 70. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಪುನಃ ಕತ್ತರಿ ಇಟ್ಟುಕೊಂಡು ಕೂತಿದ್ದಳು! ಆಕೆಯ ಸೂಚನೆಗಳ ಪುಸ್ತಕ ಮಾತ್ರ ನನಗೆ ಅರ್ಧಕ್ಕರ್ಧ. ಭೂಮಿ ತಿರುಗುವ ಸದ್ದನ್ನು ಕೇಳು ಅಂತ ಒಂದು ಸೂಚನೆ ಇದೆ. ಚೆನ್ನಾಗಿದೆ, ಆದರೆ ಜೂನ್ ತಿಂಗಳಲ್ಲಿ ನಮ್ಮ ಕಡೆ ಪಕ್ಕದಲ್ಲಿ ಕೂತವನ ಮಾತೇ ಕೇಳಿಸುವುದಿಲ್ಲ.

ಇನ್ನು ಆ ಕಿರುಚಾಟ. 1970ರ ಡಿಸೆಂಬರಿನ ರೆಕಾರ್ಡಿನಲ್ಲಿ ಮೊದಲನೆಯದೇ ಅಂಥದ್ದು. ಐದು ನಿಮಿಷಕ್ಕೂ ಜಾಸ್ತಿ ಹೊತ್ತು "ವೈ" ಅಂತ ಒಂದೇ ಒಂದು ಮಾತನ್ನು ಚೀರುತ್ತಾ, ಎಳೆಯುತ್ತಾ, ಹರಿಯುತ್ತಾ ಹೋಗುತ್ತಾಳೆ. ಗಿಟಾರ್ ಲೆನನ್‌ದು. ಡ್ರಮ್ ಯಾರದು ಗೊತ್ತಾ? ರಿಂಗೋದು! ಮನೆ ಒಡೆದವಳು ಅಂತ ಲೋಕ ಬಯ್ಯುತ್ತಿರುವಾಗ, ಆ ಒಡೆದ ಮನೆಯವನೇ ಹಿಂದೆ ಕೂತು ಬಡಿಯುತ್ತಿದ್ದಾನೆ. ನನಗೆ ವಿಚಿತ್ರ ಅನಿಸುವುದು ಇನ್ನೊಂದಿದೆ. ಈ ಸ್ವರವನ್ನು ಸಹಿಸಲು ಆಗುವುದಿಲ್ಲ ಅನ್ನುವ ನಮ್ಮ ಕಿವಿ ಎಂಥದ್ದನ್ನೆಲ್ಲ ಸಹಿಸಿದ ಕಿವಿ! ಆಟದಲ್ಲಿ ತೆರೆಯ ಹಿಂದಿನಿಂದ ಬಣ್ಣದ ವೇಷ ಅಬ್ಬರಿಸಿದರೆ ಮಡಿಲಲ್ಲಿ ಮಲಗಿದ ಮಗು ಎದ್ದು ಕೂರುತ್ತದೆ, ನಾವು "ಭಾರೀ ಲಾಯಕ್ ಆಯ್ತು" ಅನ್ನುತ್ತೇವೆ. ಮಧ್ಯರಾತ್ರಿ ತೆಯ್ಯಂ ಕೂಗಿದರೆ ಕೈ ಮುಗಿಯುತ್ತೇವೆ.

ಕಳೆದ ಬೇಸಗೆಯಲ್ಲಿ ಜಗಲಿಯಲ್ಲಿ ಅಡಕೆ ಸುಲಿಯುತ್ತಿದ್ದರು. ಸುಲಿಯುವ ಕಡೆ ಏನಾದರೂ ಹಾಡು ಬೇಕು. ತುಳು ಆಯಿತು, ಮಲಯಾಳ ಆಯಿತು, ಯಕ್ಷಗಾನದ ಪದ ಆಯಿತು. ಆಮೇಲೆ ನಾನು ಹೆಸರು ಹೇಳದೆ ಆ "ವೈ" ಹಾಕಿಬಿಟ್ಟೆ. ಸಣ್ಣ ಸ್ಪೀಕರ್ ಗಡಗಡ ನಡುಗಿತು. ಯಾರೂ ಕೈ ನಿಲ್ಲಿಸಲಿಲ್ಲ, ಕೆಜಿ ಲೆಕ್ಕದಲ್ಲಿ ಮಜೂರಿ. ಸಿಪ್ಪೆ ಒಂದು ಕಡೆ, ಒಳ್ಳೆಯ ಅಡಕೆ ಬುಟ್ಟಿಗೆ, ಪಟೋರ, ಕೋಕ ಅನ್ನುವ ಕಡಿಮೆ ದರ್ಜೆಯದ್ದು ಬೇರೆ.

"ಯಾರಿಗೋ ದರ್ಶನ ಬಂದಿದೆ" ಅಂದಳು ಒಬ್ಬಳು, ತಲೆ ಎತ್ತದೆ.

"ದರ್ಶನ ಅಲ್ಲ, ಯಾರೋ ಸತ್ತಿದ್ದಾರೆ. ಅಳ್ತಾ ಇದ್ದಾಳೆ" ಅಂದಳು ಪಕ್ಕದವಳು. ಮೂಲೆಯಲ್ಲಿದ್ದ ಗಂಡಸು, ಹಿಂದೆ ಯಾವುದೋ ಮೇಳದ ಜೊತೆ ಸಾಮಾನು ಹೊತ್ತು ತಿರುಗಿದವನು, "ಮದ್ದಳೆಯವನು ಗಟ್ಟಿ ಇದ್ದಾನೆ, ಆಯಮ್ಮ ಎಲ್ಲಿಗೆ ಹೋದ್ರೂ ಬಿಡ್ತಾ ಇಲ್ಲ" ಅಂದ. ರಿಂಗೋಗೆ ಇಂಥ ಸರ್ಟಿಫಿಕೇಟ್ ಲಂಡನ್ನಿನಲ್ಲಿ ಸಿಕ್ಕಿದೆಯೋ ಇಲ್ಲವೋ.

"ಏನು ಹೇಳ್ತಾ ಇರೋದು?" ಅಂತ ಮೊದಲನೆಯವಳು ಕೇಳಿದಳು. ಯಾಕೆ, ಯಾಕೆ ಅಂತ ಕೇಳ್ತಿದ್ದಾಳೆ ಅಂದೆ. "ಏನು ಯಾಕೆ?" ಅದನ್ನು ಹೇಳುವುದಿಲ್ಲ ಅಂದೆ. ಅವಳು ಎರಡು ಅಡಕೆ ಸುಲಿದಳು. "ನಮ್ಮ ದೊಡ್ಡಮ್ಮ ಹೀಗೇ ಕೇಳ್ತಾ ಇದ್ದರು, ಮಗ ಹೋದ ಮೇಲೆ. ನಾವು ಏನು ಉತ್ತರ ಕೊಡೋದು?" ಅಂದಳು. ಹಾಡು ಮುಗಿಯುವವರೆಗೂ ಯಾರೂ ನಿಲ್ಲಿಸಿ ಅನ್ನಲಿಲ್ಲ. ಇಷ್ಟವಾಯಿತು ಅಂತಲೂ ಅನ್ನಲಿಲ್ಲ, ಕೇಳಿದರು.

ಅಷ್ಟಕ್ಕೆ ನಾನು ಸುಮ್ಮನಿರಬಹುದಿತ್ತು. ಇದು ಯಾರ ಹಾಡು ಅಂತ ಕೇಳಿದರಲ್ಲ, ಹೇಳಿದೆ. ಜಪಾನಿನವಳು, ದೊಡ್ಡ ಹಾಡುಗಾರನ ಹೆಂಡತಿ, ನಾಲ್ವರು ಒಟ್ಟಿಗೆ ಹಾಡುತ್ತಿದ್ದವರು, ಈಕೆ ಬಂದ ಮೇಲೆ ಬೇರೆಯಾದರು ಅಂತ ಜನ ಹೇಳ್ತಾರೆ, ಆದರೆ ಅದು ಹಾಗಲ್ಲ ಅಂತ ನಾನು ಶುರು ಮಾಡುವಷ್ಟರಲ್ಲೇ ಜಗಲಿ ತೀರ್ಪು ಕೊಟ್ಟಾಗಿತ್ತು.

"ಮನೆ ಒಡೆದವಳಾ?" ಅಂದಳು ದೊಡ್ಡಮ್ಮನ ಸುದ್ದಿ ಹೇಳಿದವಳು. "ನನಗೆ ಆಗಲೇ ಅನಿಸಿತು. ಸ್ವರದಲ್ಲೇ ಗೊತ್ತಾಗ್ತದೆ."

"ಪದವೇ ಹಾಕಿ" ಅಂದಳು ಇನ್ನೊಬ್ಬಳು.

"ಏನೇ ಹೇಳಿ," ಅಂದ ಮೂಲೆಯವನು, ಒಂದು ಪಟೋರವನ್ನು ಬೇರೆ ಹಾಕುತ್ತಾ, "ಮದ್ದಳೆಯವನದ್ದು ಏನೂ ತಪ್ಪಿಲ್ಲ."