ತೊಗರಿ ರಾಶಿ ಆದ ಮೇಲೆ ಆಪರೇಷನ್ ಅನ್ನುವವರಿಗೆ

"ತೊಗರಿ ರಾಶಿ ಆಗ್ಲಿ, ಆಮ್ಯಾಲ ಮಾಡಿಸ್ತೀವ್ರಿ." ದೊಡ್ಡಕರುಳಿನ ಕ್ಯಾನ್ಸರ್ ಅಂತ ಬಯಾಪ್ಸಿ ರಿಪೋರ್ಟ್ ಬಂದ ಮನೆಗಳಲ್ಲಿ ನಮ್ಮ ಕಡೆ ಕೇಳಿಬರುವ ಮಾತು ಇದು. ಇದಕ್ಕೆ ತದ್ವಿರುದ್ಧವಾದ ಮಾತೂ ಇದೆ: "ನಾಳೇನೇ ಕೊಯ್ದು ತೆಗೀರಿ ಡಾಕ್ಟರ್ ಸಾಹೇಬ್ರ, ಒಂದಿನಾನೂ ಇಟ್ಕೊಳ್ಳೋದು ಬ್ಯಾಡ." ಎರಡರಿಂದಲೂ ರೋಗಿಗೆ ಪೆಟ್ಟು ಬೀಳುತ್ತದೆ. ಗಡ್ಡೆ ಎಲ್ಲಿದೆ, ಕರುಳು ಕಟ್ಟಿದೆಯೋ ಇಲ್ಲವೋ, ಮೈಯಲ್ಲಿ ರಕ್ತ ಎಷ್ಟಿದೆ - ಆಪರೇಷನ್ ದಿನವನ್ನು ಈ ಮೂರನ್ನು ನೋಡಿ ಗೊತ್ತು ಮಾಡಬೇಕು.

ಒಂದು ಗಂಟೆಯೂ ಕಾಯಬಾರದ ಸ್ಥಿತಿಯನ್ನು ಮೊದಲು ಹೇಳಿಬಿಡುತ್ತೇನೆ. ಮಲ, ಗಾಳಿ ಎರಡೂ ನಿಂತು, ಹೊಟ್ಟೆ ಬಿಗಿದು ಉಬ್ಬಿ, ವಾಂತಿ ಶುರುವಾದರೆ ಗಡ್ಡೆ ಕರುಳಿನ ದಾರಿ ಮುಚ್ಚಿದೆ ಎಂದೇ ತಿಳಿಯಿರಿ. ಆಗ ಔಡಲೆಣ್ಣೆ ಕುಡಿಸಬೇಡಿ, ಭೇದಿ ಮಾತ್ರೆ ಕೊಡಬೇಡಿ. ಮುಂದೆ ದಾರಿಯಿಲ್ಲದೆ ಒತ್ತಡವೆಲ್ಲ ಹಿಂದಕ್ಕೆ ತುಂಬಿ, ಬಲಗಡೆಯ ಕರುಳಿನ ತುದಿ ಉಬ್ಬಿ ಒಡೆದೀತು. ಬಾಯಿಗೆ ಏನೂ ಹಾಕದೆ ಅದೇ ರಾತ್ರಿ ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಕಲಬುರಗಿಯಲ್ಲಿ ಜಿಮ್ಸ್ ಇದೆ, ಬೀದರಿನಲ್ಲಿ ಬ್ರಿಮ್ಸ್ ಇದೆ. ಅಲ್ಲಿ ಕೆಲವೊಮ್ಮೆ ಗಡ್ಡೆ ಮುಟ್ಟದೆ, ಕರುಳನ್ನಷ್ಟೇ ಹೊಟ್ಟೆಯ ಮೇಲೆ ತಂದು ಮಲ ಹೋಗಲು ಚೀಲ ಕೂಡಿಸಿ ಕಳಿಸುತ್ತಾರೆ. "ಗಡ್ಡಿ ತೆಗೀಲೇ ಇಲ್ಲ" ಎಂದು ಮನೆಯವರು ಸಿಟ್ಟಾಗುವುದುಂಟು. ಉಬ್ಬಿದ ಕರುಳನ್ನು ಕತ್ತರಿಸಿ ಜೋಡಿಸಿದರೆ ಆ ಜೋಡಣೆ ಬಿಟ್ಟು ಸೋರುವ ಭಯವಿರುವುದರಿಂದ ಹೀಗೆ ಮಾಡುತ್ತಾರೆ.

ಕರುಳು ಕಟ್ಟಿಲ್ಲ, ಜೋರಾಗಿ ರಕ್ತ ಹೋಗುತ್ತಿಲ್ಲ ಎಂದಾದರೆ ಎರಡರಿಂದ ನಾಲ್ಕು ವಾರ ತಯಾರಿಗೆ ಕೊಡುವುದು ದಂಡವಲ್ಲ. ಈ ಗಡ್ಡೆಗಳು ಸಾಮಾನ್ಯವಾಗಿ ಹಲವು ವರ್ಷ ತೆಗೆದುಕೊಂಡು ಬೆಳೆದಿರುತ್ತವೆ. ಬಲಗಡೆಯ ಗಡ್ಡೆ ಕಣ್ಣಿಗೆ ಕಾಣದಂತೆ ರಕ್ತ ಒಸರುತ್ತದೆ. ಸುಸ್ತು ಅಂತ ಬಂದವರ ಹಿಮೋಗ್ಲೋಬಿನ್ 7, 8 ಇರುವುದುಂಟು. ಕಬ್ಬಿಣದ ಮಾತ್ರೆಗೆ ಇಷ್ಟು ಬೇಗ ಅದು ಏರುವುದಿಲ್ಲ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣದ ಔಷಧಿಯನ್ನು ಒಂದೇ ಸಲಕ್ಕೆ 1000 ಮಿ.ಗ್ರಾಂ.ವರೆಗೆ ಸಲೈನ್‌ನಲ್ಲಿ ಕೊಡಬಹುದು, ಅದರ ಫಲ ಸರಿಯಾಗಿ ಕಾಣಲು ಮೂರು ವಾರ ಬೇಕು. ಅದೇ ಮೂರು ವಾರದಲ್ಲಿ ಸಕ್ಕರೆ ಹತೋಟಿಗೆ ತನ್ನಿ, ದಿನಾ ನಡೆಯಿರಿ, ಮೊಟ್ಟೆ, ಬೇಳೆ, ಮೊಸರು ಹೆಚ್ಚು ತಿನ್ನಿ. ಬೀಡಿಯನ್ನು ಇವತ್ತೇ ಬಿಡಿ. ನಾಲ್ಕು ವಾರ ಬಿಟ್ಟವರಿಗೆ ಎದೆಯ ಸೋಂಕು, ಗಾಯ ಮಾಯದಿರುವುದು ಕಡಿಮೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಇಷ್ಟಕ್ಕೆ ವಾರಗಳು ಸಾಕು, ತಿಂಗಳುಗಳು ಬೇಡ. ಹಲವು ಬಗೆಯ ಕ್ಯಾನ್ಸರುಗಳ ಅಧ್ಯಯನಗಳನ್ನು ಒಟ್ಟು ಮಾಡಿ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಲೆಕ್ಕದಂತೆ, ಆಪರೇಷನ್ ಪ್ರತಿ ನಾಲ್ಕು ವಾರ ತಡವಾದಾಗ ಸಾವಿನ ಅಪಾಯ ಇದ್ದದ್ದಕ್ಕಿಂತ ಶೇ. 6ರಿಂದ 8ರಷ್ಟು ಏರುತ್ತದೆ. ಬೆಳೆ ಹೊಲದಲ್ಲಿ ನಿಂತಿರುವಾಗ ಮನೆಯ ದುಡ್ಡೆಲ್ಲ ಅಲ್ಲೇ ಇರುತ್ತದೆ, ಆ ಕಷ್ಟ ಸಣ್ಣದಲ್ಲ. ಆದರೆ ರಾಶಿಯನ್ನು ಅಣ್ಣತಮ್ಮಂದಿರು ಮಾಡಬಲ್ಲರು. ಖರ್ಚಿಗೆ ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಆರೋಗ್ಯ ಕರ್ನಾಟಕದ ಕಾಗದಗಳನ್ನು ಮೊದಲ ವಾರದಲ್ಲೇ ಮಾಡಿಸಿಕೊಳ್ಳಲಿ. ಅದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ.

ಗಡ್ಡೆ ಗುದನಾಳದಲ್ಲಿದ್ದರೆ ಲೆಕ್ಕವೇ ಬೇರೆ. ಇಲ್ಲಿ ಎಂಆರ್‌ಐ ಆಗದೆ ಆಪರೇಷನ್ ದಿನ ಕೇಳಲೇಬೇಡಿ. ಗಡ್ಡೆ ಕರುಳಿನ ಗೋಡೆ ದಾಟಿದ್ದರೆ ಅಥವಾ ಪಕ್ಕದ ಗಂಟುಗಳಿಗೆ (ಲಿಂಫ್ ನೋಡ್) ಹೋಗಿದ್ದರೆ ಸಾಮಾನ್ಯವಾಗಿ ಮೊದಲು ಕರೆಂಟ್, ಅಂದರೆ ರೇಡಿಯೇಷನ್. ಒಂದು ಬಗೆಯಲ್ಲಿ ಕಿಮೋ ಮಾತ್ರೆಯ ಜೊತೆ ಐದು ವಾರಕ್ಕೂ ಮೇಲ್ಪಟ್ಟು ದಿನಾ ಹೋಗಬೇಕು. ಇನ್ನೊಂದು ಐದೇ ದಿನದಲ್ಲಿ ಮುಗಿಯುತ್ತದೆ. ಔರಾದ್, ಸುರಪುರದಿಂದ ಬಂದು ಬಾಡಿಗೆ ಕೋಣೆ ಹಿಡಿಯಬೇಕಾದವರು ಐದು ದಿನದ್ದು ತಮಗೆ ಆಗುತ್ತದೆಯೇ ಎಂದು ಬಾಯಿ ಬಿಟ್ಟು ಕೇಳಬೇಕು. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ, ವಿಚಾರಿಸಿ.

ದೀರ್ಘ ರೇಡಿಯೇಷನ್ ಮುಗಿದ ಮೇಲೆ ಆಪರೇಷನ್‌ಗೆ ಸುಮಾರು 8ರಿಂದ 12 ವಾರ ಬಿಡುತ್ತಾರೆ. "ಕರೆಂಟ್ ಕೊಟ್ಟು ಮರತೇಬಿಟ್ಟಾರ" ಎಂದುಕೊಂಡು ಈ ಹೊತ್ತಿನಲ್ಲೇ ಆಸ್ಪತ್ರೆ ಬದಲಿಸುವವರಿದ್ದಾರೆ. ಹಾಗೆ ಮಾಡಬೇಡಿ. ಕರೆಂಟ್ ನಿಂತ ಮೇಲೂ ಗಡ್ಡೆ ವಾರಗಟ್ಟಲೆ ಕರಗುತ್ತಿರುತ್ತದೆ. ಹೀಗೆ ಚಿಕ್ಕದಾದರೆ ಕೆಲವರಿಗೆ ಗುದದ್ವಾರ ಉಳಿಯುತ್ತದೆ. ಪೂರ್ತಿ ಮಾಯವಾದ ಕೆಲವರಲ್ಲಿ ಆಪರೇಷನ್ ಮಾಡದೆ ಕಾದು ನೋಡುವ ದಾರಿಯೂ ಇದೆ, ಆದರೆ ಮೊದಲ ಎರಡು ವರ್ಷ ಮೂರ್ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ತಪಾಸಣೆಗೆ ಬರುವವರಿಗೆ ಮಾತ್ರ ಅದು ಸರಿ.

ಆಪರೇಷನ್ ಆದ ಮೇಲೂ ದಿನ ಎಣಿಸಬೇಕು. ತೆಗೆದ ಕರುಳಿನ ರಿಪೋರ್ಟ್‌ನಲ್ಲಿ ಕನಿಷ್ಠ 12 ಗಂಟು ನೋಡಿದ್ದಾರೆಯೇ, ಎಷ್ಟರಲ್ಲಿ ಕ್ಯಾನ್ಸರ್ ಇದೆ ಎಂದು ಕೇಳಿ. ಗಂಟಿನಲ್ಲಿ ಇದ್ದರೆ ಕಿಮೋ ಆರರಿಂದ ಎಂಟು ವಾರದೊಳಗೆ ಶುರುವಾಗಬೇಕು, ತಡವಾದಷ್ಟೂ ಅದರ ಲಾಭ ಇಳಿಯುತ್ತದೆ. ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಹೊರಡುವ ದಿನವೇ ಆ ರಿಪೋರ್ಟ್ ಯಾವತ್ತು ಸಿಗುತ್ತದೆ, ಯಾರು ಬಂದು ಒಯ್ಯುತ್ತಾರೆ ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.